ಕಷಾಯದ ಪಾತ್ರೆಯಲ್ಲಿ ವಕೀಲ

ಲಾ ಎನ್ಸಿನಾ, ದುರಾಂಗೊ ಬೆಟ್ಟಸೀಮೆ
೧೪ ಸೆಪ್ಟೆಂಬರ್ ೧೯೯೧

ಅತ್ತೆ ದೋಮಿತಿಲಾ ಅವರಿಗೆ,

ಕ್ಷೇಮವಾಗಿ ತಲುಪಿದೆ. ಬಸ್ಸಿಳಿದ ಮೇಲೆ ಮರದ ದಿಮ್ಮಿ ಸಾಗಿಸುವ ಲಾರಿಯಲ್ಲಿ ಅರ್ಧ ದಿನದ ದಾರಿ. ಸೊಂಟ ಇನ್ನೂ ನನ್ನದು ಅನ್ನಿಸುತ್ತಿಲ್ಲ. ನಾನು ಪಾಠ ಹೇಳಬೇಕಾದ ಶಾಲೆ ಎಂದರೆ ಒಂದೇ ಕೋಣೆ, ಅದರ ಹಿಂದೆ ನನ್ನ ಮಂಚ, ಒಂದು ಕಬ್ಬಿಣದ ಒಲೆ. ಟಪಾಲು ಬರುವುದೂ ಹೋಗುವುದೂ ಅದೇ ಲಾರಿಯಲ್ಲಿ. ಟೆಲಿಫೋನ್ ಕೆಳಗಿನ ಮರದ ಮಿಲ್ಲಿನಲ್ಲಿದೆಯಂತೆ, ಅದೂ ಕೆಟ್ಟು ಕೂತಿದೆಯಂತೆ. ಹಾಗಾಗಿ ಇನ್ನು ನಮ್ಮಿಬ್ಬರಿಗೂ ಕಾಗದವೇ ಗತಿ.

ವಕೀಲನ ವಿಷಯ ಮತ್ತೆ ಬರೆಯುತ್ತಿದ್ದೇನೆ, ಬೇಸರಪಡಬೇಡಿ. ನಲ್ಲಿ ನೀರನ್ನು ನೇರವಾಗಿ ಅವನ ಗಾಜಿನ ತೊಟ್ಟಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ಔಷಧಿ ವಾಸನೆ ಹೋದ ಮೇಲೆ ಹಾಕಿ. ಎರೆಹುಳು ಕತ್ತರಿಸಿ ಕೊಡಿ, ಅವನು ಬಿಟ್ಟದ್ದನ್ನು ಆಗಲೇ ತೆಗೆದುಬಿಡಿ. ಕೊಳೆತರೆ ಬೇಡದ ಹುಳುಗಳಿಗೆ ಹಬ್ಬವಾಗುತ್ತದೆ. ಬಿಸಿಲು ಬೀಳದಿರಲಿ. ತೊಟ್ಟಿಯೊಳಗೆ ಹೊರಗಿನದು ಏನನ್ನೂ ಹಾಕಬೇಡಿ. ಎಫ್ರೆನ್ ಇದ್ದಾಗಲೂ ನಮ್ಮ ಮನೆಯಲ್ಲಿ ಇದೇ ಕಟ್ಟುನಿಟ್ಟು ಇತ್ತೆಂದು ನಿಮಗೆ ಗೊತ್ತು.

ಎಲ್ಲರ ಮನೆಯಲ್ಲೂ ನಾಯಿ, ಗಿಳಿ ಸಾಕಿದರೆ ನಿಮ್ಮ ಮಗ ಕಾಲುವೆಯ ನೀರಿನಲ್ಲೇ ಬಾಳುವ, ಹಲ್ಲಿಯಂಥ ಆಹೊಲೋತೆಯನ್ನು ತಂದ. ಕತ್ತಿನ ಎರಡೂ ಕಡೆ ಕುಚ್ಚು, ನಾಲ್ಕು ಪುಟ್ಟ ಕಾಲು, ಕಿವಿಯಿಂದ ಕಿವಿಗೆ ನಗು. ದಿನವಿಡೀ ಏನೂ ಮಾಡದೆ ಹೊತ್ತಿಗೆ ಸರಿಯಾಗಿ ಊಟ ವಸೂಲು ಮಾಡುತ್ತಾನೆ ಎಂದು ಎಫ್ರೆನ್‌ನೇ ಇಟ್ಟ ಹೆಸರು, ವಕೀಲ. ಎಫ್ರೆನ್‌ನ ಕೈಯಿಂದ ತಿಂದ ಜೀವ ಈಗ ಅದೊಂದೇ ಉಳಿದಿರುವುದು.

ಇನ್ನೊಂದು ಮಾತು. ನಿಮ್ಮ ಕಷಾಯದ ಬಿಳಿ ಎನಾಮಲ್ ಪಾತ್ರೆ ಅದರ ಮೊಳೆಯಲ್ಲೇ ಇರಲಿ. ತೊಟ್ಟಿಯ ಹತ್ತಿರ ತರಬೇಡಿ.

ನಿಮ್ಮ ಸೊಸೆ,
ನೊಯೆಮಿ


ಸೋಚಿಮಿಲ್ಕೊ
೨೯ ಸೆಪ್ಟೆಂಬರ್ ೧೯೯೧

ಸೊಸೆ ನೊಯೆಮಿಗೆ,

ನಿನ್ನ ಕಾಗದ ಬಂತು. ಅದು ಕಾಗದವೋ ಶಾಲೆಯ ಗೋಡೆಗೆ ಅಂಟಿಸುವ ನಿಯಮಾವಳಿಯೋ ತಿಳಿಯಲಿಲ್ಲ. "ಅತ್ತೆ, ಹೇಗಿದ್ದೀರಿ" ಎಂಬ ಒಂದು ಸಾಲು ಎಲ್ಲಾದರೂ ಸಿಕ್ಕೀತೆಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಸಿಗಲಿಲ್ಲ.

ವಕೀಲರು ಚೆನ್ನಾಗಿದ್ದಾರೆ. ಫೀಸು ತೆಗೆದುಕೊಂಡು ಕೇಸು ಮರೆತವರ ಹಾಗೆ ನನ್ನನ್ನೇ ನೋಡುತ್ತಿರುತ್ತಾರೆ. ನಾನು ಕಾಲುವೆಯ ದಡದಲ್ಲಿ ಹುಟ್ಟಿದವಳು. ನಿನ್ನಂಥ ಪೇಟೆಯ ಹುಡುಗಿ ಆಹೊಲೋತೆಯನ್ನು ಪುಸ್ತಕದಲ್ಲಿ ನೋಡುವ ಮೊದಲೇ ನಾನು ಬಲೆಯಲ್ಲಿ ಎತ್ತಿ ನೋಡಿದ್ದೇನೆ. ನೀರು ಹೇಗೆ ಹಾಕಬೇಕೆಂದು ನನಗೆ ಹೇಳಿಕೊಡಬೇಕೇ?

ಪಾತ್ರೆಯ ಮಾತು ಯಾಕೆ ಬಂತು? ನನ್ನ ಅಮ್ಮ, ಅವಳ ಅಮ್ಮ ಎಲ್ಲರೂ ಆಹೊಲೋತೆ ಕುದಿಸಿ ಕೆಮ್ಮಿನ ಕಷಾಯ ಮಾಡಿಯೇ ಮಕ್ಕಳನ್ನು ಸಾಕಿದವರು. ಭಾನುವಾರ ಸಂತೆಯಲ್ಲಿ ಈಗಲೂ ಜನ "ದೋಞ ದೋಮಿತಿಲಾ, ಆಹೊಲೋತೆ ಕಷಾಯ ಇದ್ಯಾ?" ಎಂದು ಹುಡುಕಿಕೊಂಡು ಬರುತ್ತಾರೆ. ಪಾತ್ರೆ ಮೊಳೆಯಲ್ಲಿ ತೂಗುಹಾಕಲು ಇರುವುದಲ್ಲ. ಮನಸ್ಸಿನಲ್ಲಿ ಏನಿದೆಯೋ ಬಾಯಿ ಬಿಟ್ಟು ಬರೆ.

ಚಳಿ ಶುರುವಾಗುವ ಮೊದಲೇ ನನಗೆ ಕೆಮ್ಮು ಹಿಡಿದಿದೆ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ. ಡಿಸೆಂಬರಿನಲ್ಲಿ ರಜೆಗೆ ಬರುತ್ತೀಯಲ್ಲ?

ದೋಮಿತಿಲಾ


ಸೋಚಿಮಿಲ್ಕೊ
೪ ನವೆಂಬರ್ ೧೯೯೧

ನೊಯೆಮಿ,

ಅಕ್ಟೋಬರ್ ಪೂರ್ತಿ ಕಳೆಯಿತು, ಎರಡು ಸಾಲಿನ ಕಾರ್ಡು ಬಿಟ್ಟರೆ ನಿನ್ನಿಂದ ಏನಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ, ಸಂತೋಷಕ್ಕಲ್ಲ.

ಸತ್ತವರ ಹಬ್ಬ ಮುಗಿಯಿತು. ಎಫ್ರೆನ್‌ನ ಫೋಟೋ ಇಟ್ಟು, ಚೆಂಡುಹೂವು ಹಾಸಿ, ಅವನಿಗೆ ಇಷ್ಟವಾದ ಕುಂಬಳಕಾಯಿ ಪಾಕ ಮಾಡಿಟ್ಟೆ. ಪೂಜೆಯ ಮೇಜನ್ನು ತೊಟ್ಟಿಯ ಪಕ್ಕದಲ್ಲೇ ಹಾಕಿದ್ದೆ. ಬಂದವನು ತನ್ನ ವಕೀಲನನ್ನೂ ಒಮ್ಮೆ ನೋಡಿ ಹೋಗಲಿ ಎಂದು.

ಈಗ ಹೇಳಬೇಕಾದ ಸಂಗತಿ. ಗಾಜಿನ ಮೇಲೆ ಏನೋ ಹುಟ್ಟಿಕೊಂಡಿದೆ. ಬಿಳಿ ದಾರದ ತುಂಡಿನಂತಿದೆ, ತುದಿಯಲ್ಲಿ ಕೂದಲಿನಂಥ ಕೈಗಳು. ಮುಟ್ಟಿದರೆ ಮುದುಡಿ ಚುಕ್ಕೆಯಾಗುತ್ತದೆ, ಬಿಟ್ಟರೆ ಮತ್ತೆ ಕೈ ಚಾಚುತ್ತದೆ. ಎಲ್ಲಿಂದ ಬಂದವೋ ನನಗೆ ಗೊತ್ತಿಲ್ಲ. ನಾನು ಸುಮ್ಮನೆ ಕೂರುವವಳಲ್ಲ, ಚಾಕುವಿನಿಂದ ಗಾಜನ್ನೆಲ್ಲ ಕೆರೆದೆ. ಒಂದೆರಡು ದಿನ ಬಿಟ್ಟು ನೋಡಿದರೆ ಮೊದಲಿಗಿಂತ ಜಾಸ್ತಿ! ವಕೀಲರು ಒಂದು ಮೂಲೆ ಹಿಡಿದಿದ್ದಾರೆ, ಕುಚ್ಚು ಕೊಡವುತ್ತಾರೆ, ಊಟ ಅರ್ಧಕ್ಕೆ ಬಿಡುತ್ತಾರೆ.

ಪಕ್ಕದ ಮನೆಯ ಚಾಬೆಲಾ ಬಂದು ನೋಡಿ, "ಅಯ್ಯೋ, ಇದಕ್ಕೆಲ್ಲ ಯಾಕ್ರೀ ಚಿಂತೆ? ಹಳೇ ತಾಮ್ರದ ಇಪ್ಪತ್ತು ಸೆಂತಾವೊ ನಾಣ್ಯ ಇಲ್ವಾ ನಿಮ್ಮತ್ರ? ನಮ್ಮಜ್ಜಿ ನೀರಿನ ಹಂಡೆಗೆ ಹಾಕ್ತಿದ್ರು, ಒಂದು ಹುಳ ಇರ್ತಿರ್ಲಿಲ್ಲ" ಎಂದಳು. ನಾಣ್ಯ ಹುಡುಕಿಟ್ಟಿದ್ದೇನೆ. ಆದರೆ ಕೇಳದೆ ಹಾಕಿದರೆ ನೀನು ನನ್ನ ಜೀವ ತೆಗೆಯುತ್ತೀಯ ಎಂದು ಕಾಯುತ್ತಿದ್ದೇನೆ.

ದೋಮಿತಿಲಾ


ಲಾ ಎನ್ಸಿನಾ
೧೩ ನವೆಂಬರ್ ೧೯೯೧

ಅತ್ತೆ,

ನಾಣ್ಯ ಹಾಕಬೇಡಿ! ತಾಮ್ರ ಅವನಿಗೆ ವಿಷ. ಅವನ ಚರ್ಮವೂ ಕುಚ್ಚೂ ನೀರಿನಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತವೆ. ತೊಟ್ಟಿಗೆ ಉಪ್ಪೂ ಬೇಡ, ಬ್ಲೀಚಿಂಗ್ ಪುಡಿಯೂ ಬೇಡ, ಹುಳು ತಿನ್ನಲೆಂದು ಮೀನು ತಂದು ಬಿಡುವುದೂ ಬೇಡ. ಕೆರೆಯುವುದನ್ನು ಈ ಕ್ಷಣ ನಿಲ್ಲಿಸಿ. ಅದು ಹೈಡ್ರಾ. ಚಾಕುವಿನಲ್ಲಿ ಎಷ್ಟು ಚೂರು ಮಾಡಿದರೆ ಅಷ್ಟು ಹೊಸ ಹೈಡ್ರಾ. ನೀವು ಬಿತ್ತನೆ ಮಾಡಿದ್ದೀರಿ.

ಇಲ್ಲಿಗೆ ಆಡುಗಳಿಗೆ ಔಷಧಿ ಕೊಡಲು ಬರುವ ಪಶುವೈದ್ಯರು ದೋನ್ ಅನ್ಸೆಲ್ಮೊ ಎಂದು. ಓದುವಾಗ ಕಾಲೇಜಿನ ಪ್ರಯೋಗಶಾಲೆಯಲ್ಲಿ ಆಹೊಲೋತೆಗಳನ್ನು ನೋಡಿಕೊಂಡವರು. ಅವರನ್ನೇ ಕೇಳಿದೆ. ಈ ಕಾಗದದ ಜೊತೆ ಕಳಿಸಿರುವ ಬಿಳಿ ಪುಡಿ, ಆಡಿನ ಜಂತುಹುಳಕ್ಕೆ ಕೊಡುವಂಥದ್ದು, ಹೈಡ್ರಾವನ್ನು ಕೊಲ್ಲುತ್ತದೆ, ಆಹೊಲೋತೆಗೆ ತೊಂದರೆ ಮಾಡುವುದಿಲ್ಲ ಎಂದರು. ಆದರೂ ಮೊದಲು ಅವನನ್ನು ಹೊರಗೆ ತೆಗೆಯಿರಿ. ಸೋಪು ತಾಗದ ಪ್ಲಾಸ್ಟಿಕ್ ಟಬ್ಬಿನಲ್ಲಿ, ತೆರೆದಿಟ್ಟು ತಣಿಸಿದ ನೀರಿನಲ್ಲಿ ಬಿಡಿ. ಆ ನೀರನ್ನು ದಿನವೂ ಪೂರ್ತಿ ಬದಲಾಯಿಸಿ. ಕೊಳೆತ ಊಟ, ಕಸ ಎಲ್ಲ ತೆಗೆದು, ಪುಡಿಯ ಒಂದು ಚಿಟಿಕೆಯನ್ನು ಲೋಟದಲ್ಲಿ ಕಲಕಿ ತೊಟ್ಟಿಗೆ ಹಾಕಿ. ಎಳೆಗಳು ಉದುರಿದ ಮೇಲೆ ನೀರನ್ನು ಎರಡು ಮೂರು ಸಲ ಬದಲಿಸಿ ಅವನನ್ನು ವಾಪಸು ಬಿಡಿ. ವಾರದ ಕೆಲಸ ಅಷ್ಟೇ ಎಂದು ದೋನ್ ಅನ್ಸೆಲ್ಮೊ ಹೇಳುತ್ತಾರೆ.

ಒಂದು ಪ್ರಶ್ನೆ, ಅತ್ತೆ. ಹೈಡ್ರಾ ಆಕಾಶದಿಂದ ಉದುರುವುದಿಲ್ಲ. ಹೊರಗಿನ ಗಿಡದ ಜೊತೆ, ಹೊರಗಿನ ನೀರಿನ ಜೊತೆ ಬರುತ್ತದೆ. ಯಾರಾದರೂ ತೊಟ್ಟಿಗೆ ಏನಾದರೂ ಹಾಕಿದರೇ?

ನೊಯೆಮಿ


ಸೋಚಿಮಿಲ್ಕೊ
೨೭ ನವೆಂಬರ್ ೧೯೯೧

ನೊಯೆಮಿ,

ಮಡಿಸಿದ ಕಾಗದದಲ್ಲಿ ಬಿಳಿ ಪುಡಿ ಬಂತು. ಮೇಲೆ ಹೆಸರಿಲ್ಲ, ಅಂಗಡಿಯ ಮುದ್ರೆ ಇಲ್ಲ. ಯಾರೋ ಬೆಟ್ಟದ ಗಂಡಸು ಕೊಟ್ಟದ್ದನ್ನು ಕಣ್ಣು ಮುಚ್ಚಿ ನನ್ನ ಮಗನ ತೊಟ್ಟಿಗೆ ಸುರಿಯಬೇಕೇ? ಇದು ವಕೀಲನಿಗೋ ನನಗೋ ಎಂದೂ ಒಮ್ಮೆ ಯೋಚಿಸಿದೆ. ಚಾಬೆಲಾಳ ಕೋಳಿಗೆ ಒಂದು ಚಿಟಿಕೆ ರೊಟ್ಟಿಯಲ್ಲಿ ಹಚ್ಚಿ ಕೊಟ್ಟೆ, ಅವಳಿಗೆ ತಿಳಿಯದಂತೆ. ಕೋಳಿ ಬದುಕಿದೆ, ಮೊಟ್ಟೆಯೂ ಇಡುತ್ತಿದೆ. ಆಮೇಲೆ ತೊಟ್ಟಿಗೆ ಹಾಕಿದೆ.

ಈ ದೋನ್ ಅನ್ಸೆಲ್ಮೊ ಯಾರು? ನಿನ್ನ ಒಂದೇ ಕಾಗದದಲ್ಲಿ ಅವನ ಹೆಸರು ಎರಡು ಸಲ ಬಂದಿದೆ. ನನ್ನ ಹೆಸರು ಲಕೋಟೆಯ ಮೇಲೆ ಮಾತ್ರ ಇತ್ತು. ಆಡಿನ ಡಾಕ್ಟರಿಗೆ ಶಾಲೆಯಲ್ಲಿ ಏನು ಕೆಲಸ? ಮದುವೆಯಾಗಿದೆಯೇ?

ಪ್ಲಾಸ್ಟಿಕ್ ಟಬ್ಬು ಸೀಳಿತ್ತು. ವಕೀಲನನ್ನು ಬಿಳಿ ಎನಾಮಲ್ ಪಾತ್ರೆಯಲ್ಲಿ ಇಟ್ಟಿದ್ದೇನೆ. ಗಾಬರಿಯಾಗಬೇಡ, ಅದು ತಾಮ್ರದ್ದಲ್ಲ. ಬೆಕ್ಕು ಬರುತ್ತದೆಂದು ಅರ್ಧ ಮುಚ್ಚಳ ಹಾಕಿದ್ದೇನೆ. ಅಡುಗೆಮನೆಯ ಆ ಮೂಲೆಯಷ್ಟು ತಂಪು ಮನೆಯಲ್ಲಿ ಎಲ್ಲೂ ಇಲ್ಲ.

ಕೆಮ್ಮು ಎದೆಗಿಳಿದಿದೆ. ಚಾಬೆಲಾ ತನ್ನ ಮಾತು ಶುರುಮಾಡಿದ್ದಾಳೆ. "ಮನೇಲೇ ಔಷಧಿ ಇಟ್ಕೊಂಡು ಹೀಗೆ ಕೆಮ್ತಾ ಕೂರೋದಾ?" ಎನ್ನುತ್ತಾಳೆ. ಅವಳ ಬಾಯಿಗೆ ಬೀಗವಿಲ್ಲ.

ದೋಮಿತಿಲಾ


ಲಾ ಎನ್ಸಿನಾ
೮ ಡಿಸೆಂಬರ್ ೧೯೯೧

ಅತ್ತೆ,

ಮನೆಯಲ್ಲಿ ಬಕೆಟ್ಟುಗಳಿವೆ. ಬಟ್ಟೆ ನೆನೆಸುವ ದೊಡ್ಡ ಬೋಗುಣಿ ಇದೆ. ಎಲ್ಲ ಬಿಟ್ಟು ಆ ಪಾತ್ರೆಯೇ ಸಿಕ್ಕಿತೇ?

ನಾನು ನೇರವಾಗಿ ಕೇಳುತ್ತೇನೆ, ನೀವು ನೇರವಾಗಿ ಉತ್ತರಿಸಿ. ಎಳೆಗಳು ಸತ್ತವೇ? ಪುಡಿ ಹಾಕಿ ವಾರ ಕಳೆದಿದ್ದರೆ ಗಾಜು ಖಾಲಿಯಾಗಿರಬೇಕು. ಖಾಲಿಯಾಗಿದ್ದರೆ ಅವನು ತೊಟ್ಟಿಗೆ ಮರಳಿರಬೇಕು. ಮರಳಿದ್ದಾನೆಯೇ? ಚಾಬೆಲಾ ಹೇಳುವ "ಮನೆಯಲ್ಲೇ ಇರುವ ಔಷಧಿ" ಏನು? ಅದನ್ನು ನನಗೆ ಯಾಕೆ ಬರೆದಿರಿ?

ದೋನ್ ಅನ್ಸೆಲ್ಮೊ ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಶಾಲೆಯ ಹಿತ್ತಿಲಲ್ಲೇ ಊರಿನ ಆಡುಗಳನ್ನು ಕೂಡುವುದು, ಅದಕ್ಕೆ ಬರುತ್ತಾರೆ. ಬೇರೇನೂ ಬರೆಯುವಂಥದ್ದಿಲ್ಲ.

ಈ ಸಲ ಕ್ರಿಸ್ಮಸ್ ಹಬ್ಬಕ್ಕೆ ಬರಲಾಗುವುದಿಲ್ಲ. ದಾರಿಯಲ್ಲಿ ಹಿಮ ಬಿದ್ದಿದೆ. ಒಲೆಯ ಹೊಗೆಗೆ ನನಗೂ ಕೆಮ್ಮು ಹತ್ತಿದೆ, ಪಾಠ ಮಾಡುವಾಗ ಮಧ್ಯೆ ಮಧ್ಯೆ ನಿಲ್ಲಿಸಬೇಕಾಗುತ್ತದೆ.

ವಕೀಲನ ಬಗ್ಗೆ ವಿವರವಾಗಿ ಬರೆಯಿರಿ. ಏನು ತಿಂದ, ಎಲ್ಲಿ ಮಲಗಿದ, ಎಲ್ಲ.

ನೊಯೆಮಿ


ಸೋಚಿಮಿಲ್ಕೊ
೧೮ ಡಿಸೆಂಬರ್ ೧೯೯೧

ನೊಯೆಮಿ,

ಇನ್ನೂ ಕೆಲವು ಎಳೆ ಉಳಿದಿವೆ. ಸದ್ಯಕ್ಕೆ ಪಾತ್ರೆಯೇ ಇರಲಿ. ಮುಂದೆ ಏನು ಮಾಡಬೇಕೆಂದು ಬರೆ.

ಹಿಮ ಎಂದೆ. ಸರಿ. ಬೀದಿಯ ಮಕ್ಕಳು ಕ್ರಿಸ್ಮಸ್ ಹಾಡು ಹಾಡುತ್ತಾ ಬಾಗಿಲಿಗೆ ಬಂದಾಗ ಕಡಲೆಕಾಯಿ ಹಂಚಲು ನಾನೊಬ್ಬಳೇ ನಿಂತಿದ್ದೆ. ಸೊಸೆ ಎಲ್ಲಿ ಎಂದು ಯಾರೂ ಕೇಳಲಿಲ್ಲ, ಅದೇ ಪುಣ್ಯ.

ನನ್ನ ಕೆಮ್ಮು ಹೋಯಿತು.

ಈ ಪೊಟ್ಟಣದಲ್ಲಿ ಒಂದು ಬಾಟಲಿ ಇದೆ. ಮಲಗುವ ಮುಂಚೆ ಒಂದು ಚಮಚ ಕುಡಿ, ಎದೆ ಬೆಚ್ಚಗಾಗುತ್ತದೆ. ಒಳಗೆ ಏನಿದೆ ಎಂದು ಕೇಳಬೇಡ. ಈ ಮನೆಯಲ್ಲಿ ಅದನ್ನು ಯಾರಿಗೂ ಹೇಳುವ ಪದ್ಧತಿಯಿಲ್ಲ.

ದೋಮಿತಿಲಾ


ಲಾ ಎನ್ಸಿನಾ
೨೮ ಡಿಸೆಂಬರ್ ೧೯೯೧

ಅತ್ತೆ,

ಬಾಟಲಿ ತಲುಪಿತು. ಅದಕ್ಕೆ ಅಂಟಿಸಿದ ಚೀಟಿಯ ಮೇಲಿನ ಆಹೊಲೋತೆಯ ಚಿತ್ರ ನನ್ನನ್ನೇ ನೋಡಿ ನಗುತ್ತಿತ್ತು. ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಆಮೇಲೆ ನಿಮ್ಮ ಕಾಗದಗಳನ್ನೆಲ್ಲ ಹೊರತೆಗೆದು ಸಾಲಾಗಿ ಇಟ್ಟು ಓದಿದೆ.

ಪಾತ್ರೆಯಲ್ಲಿ ಇಟ್ಟೆ ಎಂದಿರಿ. ಮುಚ್ಚಳ ಹಾಕಿದೆ ಎಂದಿರಿ. ವಾರದಲ್ಲಿ ಮುಗಿಯಬೇಕಾದ ಕೆಲಸಕ್ಕೆ ಇನ್ನೂ ಎಳೆ ಇವೆ ಎಂದಿರಿ. ಏನು ತಿಂದ ಎಂದು ಕೇಳಿದೆ, ಒಂದಕ್ಷರ ಬರೆಯಲಿಲ್ಲ. ಮೊದಲು "ವಕೀಲರು ಹಾಗೆ ನೋಡಿದರು, ಹೀಗೆ ಕೂತರು" ಎಂದು ಹಾಸ್ಯ ಮಾಡುತ್ತಿದ್ದವರು ಈ ಸಲ ಅವನ ಹೆಸರನ್ನೂ ಎತ್ತಲಿಲ್ಲ. ಎದೆಗಿಳಿದ ಕೆಮ್ಮು ಇದ್ದಕ್ಕಿದ್ದಂತೆ ಮಾಯ. ಜೊತೆಗೆ ಒಂದು ಬಾಟಲಿ. ಒಳಗೆ ಏನಿದೆ ಕೇಳಬೇಡ ಎಂಬ ತಾಕೀತು. ಚಿಕ್ಕ ಮಕ್ಕಳಿಗೂ ಈ ಲೆಕ್ಕ ಬಿಡಿಸಲು ಬರುತ್ತದೆ.

ಮೊದಲ ಕಾಗದದಲ್ಲೇ ಪಾತ್ರೆಯ ಮಾತು ಯಾಕೆ ಬಂತೆಂದು ಕೇಳಿದ್ದಿರಿ. ಈಗ ಹೇಳುತ್ತೇನೆ. ಎಫ್ರೆನ್ ನ್ಯುಮೋನಿಯಾದಲ್ಲಿ ಉಸಿರಿಗೆ ಒದ್ದಾಡುತ್ತಿದ್ದ ವಾರ, ನಾನು ಔಷಧಿ ಅಂಗಡಿಯಿಂದ ಬಂದಾಗ ನೀವು ಆ ಪಾತ್ರೆ ಹಿಡಿದು ತೊಟ್ಟಿಯ ಮುಂದೆ ನಿಂತಿದ್ದಿರಿ. ನಿಮ್ಮ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ನನ್ನನ್ನು ನೋಡಿ ಪಾತ್ರೆಯನ್ನು ಶಾಲಿನ ಹಿಂದೆ ಮಾಡಿದಿರಿ. ನಾನು ಔಷಧಿ ಹಿಡಿದು ಅವನ ಮಂಚದತ್ತ ಹೋದೆ. ಆದರೆ ನೋಡಿದ್ದನ್ನು ಮರೆತಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅವನನ್ನು ನಿಮ್ಮ ಬಳಿ ಬಿಟ್ಟು ಬಂದೆನಲ್ಲ, ನನಗೆ ನನ್ನ ಮೇಲೇ ಸಿಟ್ಟು.

ಬಾಟಲಿಯನ್ನು ಬಚ್ಚಲಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಶಾಲೆಯ ಮುಂದಿನ ಓಕ್ ಮರದಡಿ ಗುಂಡಿ ತೋಡಿ ಹೂತಿದ್ದೇನೆ. ಮೇಲೆ ಎರಡು ಕಡ್ಡಿಯ ಶಿಲುಬೆ ಇಟ್ಟಿದ್ದೇನೆ.

ನಿಮ್ಮ ಮಗ ಬಿಟ್ಟುಹೋದದ್ದು ಅದೊಂದೇ ಜೀವ. ಇನ್ನು ಈ ಕಾಗದಗಳಿಗೂ ಕಾರಣ ಉಳಿಯಲಿಲ್ಲ.

ನೊಯೆಮಿ


ಸೋಚಿಮಿಲ್ಕೊ
೮ ಜನವರಿ ೧೯೯೨

ಶ್ರೀಮತಿ ಮೇಷ್ಟ್ರಮ್ಮನವರಿಗೆ,

ತಾವು ಬರೆದ ಆರೋಪಪಟ್ಟಿ ತಲುಪಿತು. ಪ್ರತಿವಾದಿಯ ಹೇಳಿಕೆಯನ್ನೂ ದಯವಿಟ್ಟು ಕೇಳುವುದು. ಕೋಪದಲ್ಲಿ ಎರಡು ಕಾಗದ ಬರೆದು ಹರಿದೆ, ಇದು ಮೂರನೆಯದು.

ತಾವು ನೋಡಿದ್ದು ನಿಜ. ಆ ದಿನ ನಾನು ಪಾತ್ರೆ ಹಿಡಿದು ನಿಂತಿದ್ದೆ. ಡಾಕ್ಟರು ಕೈಚೆಲ್ಲಿದ್ದರು. ಚಾಬೆಲಾ ಬೆಳಗಿನಿಂದ "ಕುದಿಸ್ರೀ, ನಿಮ್ಮಮ್ಮ ಮಾಡ್ತಿದ್ದ ಹಾಗೇ ಮಾಡ್ರೀ, ಮಗ ಹೆಚ್ಚೋ ಹುಳ ಹೆಚ್ಚೋ?" ಎಂದು ಪ್ರಾಣ ತಿಂದಿದ್ದಳು. ನೀರಿಗೆ ಕೈ ಹಾಕಿ ವಕೀಲನನ್ನು ಹಿಡಿದೂ ಇದ್ದೆ. ಹಿಂದಿನ ಮಂಚದಿಂದ ಎಫ್ರೆನ್, "ಅಮ್ಮಾ, ಬೇಡ. ಮಾತು ಕೊಟ್ಟಿದ್ದೀಯ" ಅಂದ. ಅಷ್ಟು ಹೇಳಲೂ ಅವನಿಗೆ ಉಸಿರಿರಲಿಲ್ಲ. ನಾನು ಕೈ ಬಿಟ್ಟೆ.

ಏನು ಮಾತು ಎಂದರೆ, ಅವನಿಗೆ ಏಳು ವರ್ಷವಾಗಿದ್ದಾಗ ಕುದಿಯುವ ಪಾತ್ರೆಯ ಮುಚ್ಚಳ ತೆಗೆದು ನೋಡಿ ಜ್ವರ ಬರುವಷ್ಟು ಅತ್ತಿದ್ದ. ಇನ್ನು ಮಾಡುವುದಿಲ್ಲ ಎಂದು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದೆ. ಅಂದಿನಿಂದ ನನ್ನ ಕಷಾಯದಲ್ಲಿ ಆಹೊಲೋತೆ ಇಲ್ಲ. ಬೋಗನ್ವಿಲ್ಲಾ ಅಂತಾರಲ್ಲ, ಆ ಬೇಲಿಯ ಕಾಗದದ ಹೂವು, ಈರುಳ್ಳಿ, ಓರೆಗಾನೊ ಸೊಪ್ಪು, ಜೇನು, ಅಷ್ಟೇ. ಚೀಟಿ ಮಾತ್ರ ಹಳೆಯದು. ಒಳಗೆ ಏನಿದೆ ಎಂದು ಕೇಳಬೇಡ ಎನ್ನುವುದು ಅದಕ್ಕೇ. ಆಹೊಲೋತೆ ಇಲ್ಲವೆಂದು ತಿಳಿದರೆ ಸೋಚಿಮಿಲ್ಕೊದಲ್ಲಿ ಒಬ್ಬರೂ ಕೊಳ್ಳುವುದಿಲ್ಲ. ಇದು ನನಗೆ ಗೊತ್ತಿತ್ತು, ಎಫ್ರೆನ್‌ಗೆ ಗೊತ್ತಿತ್ತು. ಈಗ ನಿನಗೆ ಗೊತ್ತು.

ಮಗ ಕಣ್ಣೆದುರು ಹೋಗುತ್ತಿರುವಾಗ ಕುದಿಸದೆ ಬಿಟ್ಟವಳು, ನೊಯೆಮಿ, ನನ್ನ ಈ ಹಾಳು ಕೆಮ್ಮಿಗೆ ಕುದಿಸುತ್ತೇನೆಯೇ? ಕುದಿಸಿದ್ದರೆ ಅವನು ಬದುಕುತ್ತಿದ್ದನೇನೋ ಎಂದು ಇಂದಿಗೂ ಒಲೆಯ ಮುಂದೆ ಕೂತು ಯೋಚಿಸುತ್ತೇನೆ. ಬದುಕುತ್ತಿರಲಿಲ್ಲ ಎಂದು ನೀನೂ ಹೇಳಬಹುದು, ಡಾಕ್ಟರೂ ಹೇಳಬಹುದು. ನಾನು ಅವನ ಅಮ್ಮ, ನನಗೆ ಆ ಯೋಚನೆ ಬಿಡುವುದಿಲ್ಲ.

ಇನ್ನು ನನ್ನ ತಪ್ಪುಗಳು. ಹೈಡ್ರಾ ತಂದವಳು ನಾನೇ. ಸತ್ತವರ ಹಬ್ಬಕ್ಕೆ ಒಂದು ವಾರ ಮೊದಲೇ, ಎಫ್ರೆನ್‌ಗೆ ಕಾಲುವೆಯ ವಾಸನೆ ಸಿಗಲಿ ಎಂದು ದಡದಿಂದ ಒಂದು ಹಿಡಿ ನೀರುಗಿಡ ಕಿತ್ತು ತಂದು ಪೂಜೆಯ ಲೋಟದಲ್ಲಿಟ್ಟೆ. ಅರ್ಧವನ್ನು ತೊಟ್ಟಿಗೂ ಹಾಕಿದೆ, ವಕೀಲನಿಗೂ ಊರಿನ ನೆನಪಾಗಲಿ ಎಂದು. ನೀನು ಬೇಡವೆಂದು ಬರೆದದ್ದು ಮರೆತಿರಲಿಲ್ಲ. ನನ್ನ ಮಗನ ತೊಟ್ಟಿ, ಇವಳ್ಯಾರು ಹೇಳಲು ಎಂದುಕೊಂಡೆ.

ಎರಡನೆಯದು, ಎಳೆಗಳು ಪುಡಿ ಹಾಕಿದ ಮೊದಲ ವಾರದಲ್ಲೇ ಉದುರಿದವು. ನಿನ್ನ ಆಡಿನ ಡಾಕ್ಟರು ಕೆಲಸ ಬಲ್ಲವನು. ವಕೀಲ ಡಿಸೆಂಬರಿನ ಶುರುವಿನಿಂದ ತನ್ನ ತೊಟ್ಟಿಯಲ್ಲೇ ಇದ್ದಾನೆ. ಗಾಜು ಫಳಫಳ ಎನ್ನುತ್ತದೆ. ಇನ್ನೂ ಎಳೆ ಇವೆ ಎಂದು ಸುಳ್ಳು ಬರೆದೆ. ಅಕ್ಟೋಬರಿನಲ್ಲಿ ವಕೀಲ ಚೆನ್ನಾಗಿದ್ದ, ನೀನು ಎರಡು ಸಾಲು ಬರೆದೆ. ಹುಳು ಬಂದಾಗ ಪುಟಗಟ್ಟಲೆ ಬರೆದೆ. ಹುಳು ಸತ್ತರೆ ಕಾಗದವೂ ನಿಲ್ಲುತ್ತದೆ ಎಂದು ಹೆದರಿದೆ. ಆ ಕಾಗದದಲ್ಲಿ ಅವನ ಬಗ್ಗೆ ಬರೆಯದಿದ್ದದ್ದು ಯಾಕೆಂದರೆ, ಸುಳ್ಳಿನ ಮೇಲೆ ಹಾಸ್ಯ ಮಾಡಲು ನನಗೆ ಬರುವುದಿಲ್ಲ. ಕೆಮ್ಮೂ ಹೋಗಿಲ್ಲ. ನೀನು ಒಂದು ಸಲವೂ ಕೇಳಲಿಲ್ಲವಲ್ಲ ಎಂಬ ಸಿಟ್ಟಿಗೆ ಹೋಯಿತು ಎಂದು ಬರೆದೆ.

ವಕೀಲನ ಫೋಟೋ ಕಳಿಸುವುದಿಲ್ಲ. ನಂಬುವ ಹಾಗಿದ್ದರೆ ನಂಬು, ಇಲ್ಲವಾದರೆ ಬಂದು ನೋಡು.

ಮೊನ್ನೆ ಮೂರು ರಾಜರ ಹಬ್ಬಕ್ಕೆ, ಒಳಗೆ ಪುಟ್ಟ ಬೊಂಬೆ ಅಡಗಿಸಿ ಸುಟ್ಟ ರೋಸ್ಕಾ ರೊಟ್ಟಿ ತಂದು ನಾಲ್ಕು ತುಂಡು ಮಾಡಿದೆ. ಒಂದು ನನಗೆ, ಒಂದು ಚಾಬೆಲಾಗೆ, ಒಂದು ಎಫ್ರೆನ್‌ನ ಫೋಟೋದ ಮುಂದೆ, ಒಂದು ನಿನಗೆಂದು ಎತ್ತಿಟ್ಟೆ. ಒಳಗಿನ ಬೊಂಬೆ ನಿನ್ನ ತುಂಡಿನಲ್ಲೇ ಬಂತು. ಚಾಬೆಲಾಳೇ ಸಾಕ್ಷಿ. ಬೊಂಬೆ ಬಂದವರು ಫೆಬ್ರವರಿ ಎರಡಕ್ಕೆ ಎಲ್ಲರಿಗೂ ತಮಾಲೆ ಕಡುಬು ಮಾಡಿ ಬಡಿಸಬೇಕು, ಅದು ನಿನಗೆ ಹೇಳಿಕೊಡಬೇಕಿಲ್ಲ.

ಆ ಡಾಕ್ಟರು ಏನಾದರೂ ಕೇಳಿದ್ದರೆ ಮುಚ್ಚಿಡಬೇಡ. ನಾನು ಕೂಗಾಡಬಹುದು, ಆದರೆ ಕೂಗಾಡುವುದಕ್ಕೂ ಮನೆಯಲ್ಲಿ ಒಬ್ಬರು ಬೇಕು.

ದೋಮಿತಿಲಾ


ಲಾ ಎನ್ಸಿನಾ
೧೯ ಜನವರಿ ೧೯೯೨

ಅತ್ತೆ,

ಹೇಗಿದ್ದೀರಿ? ಕೆಮ್ಮು ಹೇಗಿದೆ? ಇದನ್ನು ಮೊದಲ ಕಾಗದದ ಮೊದಲ ಸಾಲಿನಲ್ಲೇ ಕೇಳಬೇಕಿತ್ತು.

ನಿಮ್ಮ ಕಾಗದವನ್ನು ಲಾರಿಯ ಪಕ್ಕದಲ್ಲೇ ನಿಂತು ಓದಿದೆ. ಚಾಲಕ "ಏನ್ ಟೀಚರ್, ಮನೇಲಿ ಯಾರಾದ್ರೂ ಹೋದ್ರಾ?" ಎಂದು ಗಾಬರಿಯಾದ. "ಇಲ್ಲಪ್ಪ, ಒಬ್ಬ ಬದುಕಿ ಬಂದ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಾನು ಅಳುತ್ತಿದ್ದೆನಲ್ಲ, ಅರ್ಥವಾಗುವುದಾದರೂ ಹೇಗೆ?

ಮರದಡಿ ಹೋಗಿ ಶಿಲುಬೆ ಕಿತ್ತು ಅಗೆದೆ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಒಲೆಯ ಸಲಾಕೆ ತಂದು ಕುಕ್ಕಬೇಕಾಯಿತು. ಬಾಟಲಿಗೆ ಏನೂ ಆಗಿರಲಿಲ್ಲ. ಅಲ್ಲೇ ಕೂತು ಮುಚ್ಚಳದಲ್ಲಿ ಸುರಿದುಕೊಂಡು ಕುಡಿದೆ. ಕಾಗದದ ಹೂವಿನ ಒಗರು, ಈರುಳ್ಳಿಯ ಘಾಟು, ಆಮೇಲೆ ಜೇನು. ಎಫ್ರೆನ್‌ಗೆ ಕೆಮ್ಮು ಬಂದಾಗಲೆಲ್ಲ ಅವನ ಉಸಿರಿನಲ್ಲಿ ಇದೇ ವಾಸನೆ ಇರುತ್ತಿತ್ತು. ಅದನ್ನು ಮರೆತೇಬಿಟ್ಟಿದ್ದೆ. ನಾನು ಹೂತಿದ್ದು ಅದನ್ನು.

ನಿಮ್ಮ ಯೋಚನೆಯನ್ನು ತೆಗೆದುಹಾಕುವ ಶಕ್ತಿ ನನಗಿಲ್ಲ. ಆದರೆ ಆ ದಿನ ನೀವು ಕೈ ಬಿಟ್ಟಿದ್ದಕ್ಕೇ ಅವನು ಕೊನೆಯ ತನಕ ಆ ತೊಟ್ಟಿಯನ್ನು ನೋಡುತ್ತಾ ಮಲಗಿದ್ದ. ಪಕ್ಕದಲ್ಲಿ ನಾನಿದ್ದೆ, ನಾನು ಬಲ್ಲೆ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ.

ದಾರಿಯಲ್ಲಿ ಹಿಮ ಇರಲಿಲ್ಲ. ನಾನೂ ಸುಳ್ಳು ಬರೆದೆ. ದೋನ್ ಅನ್ಸೆಲ್ಮೊ ನವೆಂಬರ್ ಕೊನೆಯಲ್ಲಿ ಒಂದು ಮಾತು ಕೇಳಿದರು. ಉತ್ತರ ಕೊಟ್ಟಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಫ್ರೆನ್‌ನ ಫೋಟೋದ ಮುಂದೆ, ನಿಮ್ಮ ಮುಂದೆ ಹೇಗೆ ಕೂರುವುದೆಂದು ತೋಚದೆ ಹಬ್ಬಕ್ಕೆ ಬರಲಿಲ್ಲ. ನೀವು ಕೂಗಾಡಿ, ನಾನು ಕೇಳಿಸಿಕೊಳ್ಳುತ್ತೇನೆ. ಆಮೇಲೆ ಇಬ್ಬರೂ ಕೂತು ಯೋಚಿಸೋಣ.

ಮೆಕ್ಕೆಜೋಳದ ಹಿಟ್ಟು ತಂದಿಡಿ, ಸುತ್ತಲು ಬೇಕಾದ ತೆನೆಸಿಪ್ಪೆಗಳನ್ನು ನೀರಿನಲ್ಲಿ ನೆನೆಹಾಕಿ. ಬಿಳಿ ಪಾತ್ರೆ ಮೊಳೆಯಿಂದ ಇಳಿದಿರಲಿ, ತಮಾಲೆ ಬೇಯಿಸಲು ಅದೇ ಸರಿಯಾದ ಅಳತೆ. ವಕೀಲನಿಗೆ ದಪ್ಪ ಎರೆಹುಳು ಹುಡುಕಿಡಿ, ನಾನೇ ಕೊಡುತ್ತೇನೆ.

ಬೊಂಬೆ ನನ್ನ ತುಂಡಿನಲ್ಲಿ ತಾನಾಗಿಯೇ ಬಂತೆಂದು ನಾನು ನಂಬುವುದಿಲ್ಲ. ಚಾಬೆಲಾಳ ಸಾಕ್ಷಿಯನ್ನಂತೂ ಕೇಳುವುದೇ ಬೇಡ. ಮೂವತ್ತನೇ ತಾರೀಖಿನ ಬಸ್ಸಿಗೆ ಬರುತ್ತಿದ್ದೇನೆ.

ನಿಮ್ಮ ಸೊಸೆ,
ನೊಯೆಮಿ